ದೊಡ್ಡದು ಮಾಡೋ ಮಿಷನ್ನಿಗೆ ಎಲ್‌ಇಡಿ ಬಲ್ಬು

ಕತ್ತಲಲ್ಲಿ ಕೆಲಸ ಮಾಡುವವರಿಗೆ ಇಂಥವು ಆಗುತ್ತಲೇ ಇರುತ್ತವೆ. ಬೆಳಕಲ್ಲಿ ಕೂತವರಿಗೆ ಹೇಳಿದರೆ ನಗುತ್ತಾರೆ. ನಗಲಿ ಬಿಡಿ, ಅದಕ್ಕೇ ಹೇಳುತ್ತಿದ್ದೀನಿ.

ಚನ್ನಗಿರಿಯಲ್ಲಿ ನಮ್ಮದೊಂದು ಫೋಟೋ ಸ್ಟುಡಿಯೋ ಇತ್ತು. ಮುಂದಿನ ಕೋಣೆಯಲ್ಲಿ ನಮ್ಮ ಯಜಮಾನರು "ಸ್ವಲ್ಪ ನಗ್ರೀ" ಅಂತ ಕ್ಯಾಮೆರಾ ಒತ್ತುತ್ತಿದ್ದರು. ಹಿಂದಿನ ಕತ್ತಲೆ ಕೋಣೆಯಲ್ಲಿ, ಕೆಂಪು ಬಲ್ಬಿನ ಕೆಳಗೆ, ಆ ನಗುವನ್ನು ಕಾಗದಕ್ಕೆ ಇಳಿಸುತ್ತಿದ್ದವಳು ನಾನು. ಅವರಿಗೆ ಕತ್ತಲೆಂದರೆ ಉಸಿರು ಕಟ್ಟುತ್ತದೆ. ಅದಕ್ಕೇ ಮದುವೆಯಾದ ವರ್ಷವೇ ಆ ಕೆಲಸ ನನ್ನ ತಲೆಗೆ ಬಂತು. ನನಗೆ ಓದಾಕೆ ಬರಲ್ಲ, ನಿಜ. ಕತ್ತಲಲ್ಲಿ ಓದೋದಾದರೂ ಏನಿರುತ್ತದೆ?

ಅಲ್ಲಿ ಎನ್‌ಲಾರ್ಜರ್ ಅಂತ ಒಂದು ಮಿಷನ್ನು. ಮೇಲೆ ಬಲ್ಬು, ನಡುವೆ ಬೆರಳಗಲದ ನೆಗೆಟಿವ್, ಕೆಳಗೆ ಕಾಗದ. ಬೆಳಕು ಇಳಿದು ಬಂದು ಸಣ್ಣ ಮುಖವನ್ನು ದೊಡ್ಡದು ಮಾಡುತ್ತದೆ. ಆ ಕಾಗದವನ್ನು ಔಷಧಿ ನೀರಲ್ಲಿ ಅದ್ದಿದರೆ ಚಿತ್ರ ಮೂಡುತ್ತದೆ. ಅದ್ದಿ ಅದ್ದಿ ನನ್ನ ಉಗುರು ಕಪ್ಪಾದವು. "ಸ್ಟುಡಿಯೋ ಯಜಮಾನ್ರ ಕೈಗುಣ ಅಂದ್ರೆ ಕೈಗುಣ" ಅಂತ ಹೆಸರು ಅವರಿಗೆ ಬಂತು.

ಹೋದ ವರ್ಷ ಸುತ್ತಲ ತಾಲ್ಲೂಕುಗಳ ಫೋಟೋದವರೆಲ್ಲ ಸೇರಿ, ಯಜಮಾನರಿಗೆ ಜಗಳೂರಿನಲ್ಲಿ ಸನ್ಮಾನ ಮಾಡುತ್ತೀವಿ ಅಂತ ಬಂದರು. "ಹಳೇ ಕಾಲದಂಗೆ ಒಂದು ಫೋಟೋನ ಜನರ ಮುಂದೆ ತೊಳ್ದು ತೋರಿಸ್ಬೇಕು ಸಾರ್" ಅಂದರು. ಇವರು ಹೂಂ ಅಂದುಬಿಟ್ಟರು. ಬಂದವರು ಮೆಟ್ಟಿಲು ಇಳಿದ ಮೇಲೆ ನನ್ನ ಮುಖ ನೋಡಿದರು.

"ಮಾಡ್ಕೊಡ್ತೀನಿ. ಆದ್ರೆ ಮೈಕಿನಾಗೆ ಹೇಳ್ಬೇಕು, ಇದನ್ನ ಮಾಡಿದ್ದು ಇವಳು ಅಂತ. ಇಷ್ಟು ವರ್ಷದಾಗೆ ಒಂದೇ ಒಂದ್ಸಲ" ಅಂದೆ.

"ಹೇಳ್ತೀನಿ ಮಾರಾಯ್ತಿ, ನಿನ್ನಾಣೆ" ಅಂದರು.

ಆಣೆ ಮುಗಿಸಿ ಮಿಷನ್ನಿನ ಸ್ವಿಚ್ಚು ಹಾಕಿದರು. ಬಲ್ಬು ಟಪ್ ಅಂತು.

ಕೋಳಿ ಬಲ್ಬು

ಆ ಹಾಲುಬಣ್ಣದ ದೊಡ್ಡ ಬಲ್ಬು ಈಗ ಎಲ್ಲೂ ಸಿಗುವುದಿಲ್ಲ. ಆದರೂ ನಾವಿಬ್ಬರೂ ಕರೆಂಟಿನ ಸಾಮಾನಿನ ಅಂಗಡಿಗೆ ಹೋದೆವು.

"ಬಿಸಿಯಾಗೋ ಬಲ್ಬಾ? ಎಷ್ಟು ಮರಿ ಅದಾವೆ ಅಜ್ಜಿ?" ಅಂದ ಅಂಗಡಿಯವನು. ಈಗ ಬಿಸಿಯಾಗೋ ಬಲ್ಬು ಯಾವುದಿದ್ದರೂ ಒಯ್ಯೋರು ಕೋಳಿ ಸಾಕೋರು ಮಾತ್ರವಂತೆ, ಮರಿಗೆ ಕಾವು ಕೊಡಾಕೆ.

"ಕೋಳಿಗಲ್ಲಪ್ಪ, ಫೋಟೋಕ್ಕೆ" ಅಂದೆ.

ಅವನು ನನ್ನನ್ನು ಬಿಟ್ಟು ಯಜಮಾನರ ಕಡೆ ತಿರುಗಿದ. "ಸಾರ್, ನಿಮಗೆ ಗೊತ್ತಿರ್ತೈತೆ. ಎಷ್ಟು ವ್ಯಾಟು?"

ಯಜಮಾನರು ನನ್ನ ಕಡೆ ನೋಡಿದರು. "ನೂರೈವತ್ತು" ಅಂದೆ.

"ನೂರೈವತ್ತು" ಅಂದರು ಅವರು.

"ನೋಡ್ರಿ, ಈ ವಯಸ್ಸಿನಾಗೂ ಏನು ನೆನಪು!" ಅಂತ ಅವರಿಗೆ ಕೈ ಮುಗಿದ. ಬಿಸಿ ಬಲ್ಬು ಬ್ಯಾಡ, ಎಲ್‌ಇಡಿ ಹಾಕಿಸ್ರಿ ಅಂತ ಬುದ್ಧಿ ಹೇಳಿದ್ದೂ ಅವರಿಗೇ. ನಾವು ಹೊರಟಾಗ ನನ್ನನ್ನೂ ಮಾತಾಡಿಸಬೇಕು ಅನ್ನಿಸಿತೇನೋ, ಪಾಪ.

"ಅಜ್ಜಿ, ನಾಟಿ ಕೋಳಿನಾ, ಫಾರಮ್ಮಾ?"

ಆರದ ಬೆಳಕು

ಎಲ್‌ಇಡಿ ಹಾಕಾಕೆ ಹೊನ್ನಾಳಿಯಿಂದ ಒಬ್ಬ ವೈರಿಂಗಿನವನು ಬಂದ. ಮಿಷನ್ನಿನ ತಲೆ ಬಿಚ್ಚಿದ, ಸುಟ್ಟ ಹೋಲ್ಡರ್ ಕಿತ್ತು ಹೊಸದು ಕೂರಿಸಿದ, ಬಲ್ಬು ಸಿಗಿಸಿದ. ನ್ಯಾಮತಿಯ ಒಂದು ಹಳೇ ಮದುವೆಯ ನೆಗೆಟಿವ್ ಇಟ್ಟು ನೋಡಿದೆ. ಒಂದು ಕಾಗದದಲ್ಲಿ ಮದುಮಗ ಇದ್ದಲು. ಇನ್ನೊಂದರಲ್ಲಿ ಬೂದಿ. ಮೂರನೆಯದರಲ್ಲಿ ಎರಡೂ ಅಲ್ಲ. ಒಂದೇ ಮದುಮಗಳಿಗೆ ಮೂವರು ಗಂಡಂದಿರು.

ಕೇಳಿದರೆ ಅವನಿಗೆ ಹೆಮ್ಮೆ. "ಮೂರು ಬಣ್ಣದ್ದು ಅಜ್ಜಿ! ಒಂದೊಂದ್ಸಲ ಸ್ವಿಚ್ ಹಾಕ್ದಾಗ ಒಂದೊಂದು ಬೆಳಕು. ನಿಮಗೇ ಅಂತ ತಂದೀನಿ."

ಬೆಳಕಿನ ಬಣ್ಣ ಬದಲಾದರೆ ಆ ಕಾಗದದಲ್ಲಿ ಕಪ್ಪು ಬಿಳುಪಿನ ಹದವೇ ಬದಲಾಗುತ್ತದೆ ಅಂತ ತಿಳಿಸಿ ಹೇಳಿದೆ. "ಹೌದಾ ಸಾರ್?" ಅಂತ ಯಜಮಾನರನ್ನು ಕೇಳಿದ. ಅವರು ತಲೆಯಾಡಿಸಿದ ಮೇಲೆ ನಂಬಿದ. ಬೇರೆ ಬಲ್ಬು ಹಾಕಿದ.

ಮತ್ತೆ ಕಾಗದ ಇಟ್ಟು ಬೆಳಕು ಬಿಟ್ಟೆ. ಅಷ್ಟರಲ್ಲಿ ಕರೆಂಟು ಹೋಯಿತು, ಕೆಂಪು ಬಲ್ಬು ಆರಿತು. ಮಿಷನ್ನು ಮಾತ್ರ ಉರಿಯುತ್ತಿದೆ! ಕೆಂಪು ಬಲ್ಬೇ ಕೆಟ್ಟಿತೇನೋ ಅಂತ ನಾನು ಅದನ್ನು ತಿರುಗಿಸುತ್ತ ನಿಂತೆ. ಇತ್ತ ಕಾಗದವೆಲ್ಲ ಹಾಳು. ಅವನು ಹಾಕಿದ್ದು ಕರೆಂಟು ಹೋದರೂ ಉರಿಯುವ ಇನ್ವರ್ಟರ್ ಬಲ್ಬು.

ಬಾಗಿಲ ಆಚೆಯಿಂದ ಕೂಗಿದ: "ನೋಡಿದ್ರಾ ಅಜ್ಜಿ, ಹೆಂಗೆ ಉರಿತೈತೆ!"

"ಉರಿತೈತಪ್ಪ. ಬಲ್ಬೂ ಉರಿತೈತೆ, ನನ್ನ ಹೊಟ್ಟೆನೂ ಉರಿತೈತೆ."

ಅತ್ತೆ ಒಬ್ಬರೇ

ಕೊನೆಗೆ ಒಂದೇ ಬಣ್ಣದ, ಕರೆಂಟಿನ ಜೊತೆಗೇ ಆರುವ ಬಡಪಾಯಿ ಬಲ್ಬು ಬಂತು. ಈಗ ಎಣಿಕೆಯ ತೊಂದರೆ. ಬೆಳಕು ಎಷ್ಟು ಹೊತ್ತು ಬೀಳಬೇಕು ಅನ್ನೋದಕ್ಕೆ ನನಗೆ ಗಡಿಯಾರ ಬೇಕಿಲ್ಲ. ಗಂಡನ ಮನೆಯವರನ್ನು ಎಣಿಸುತ್ತೀನಿ. ಅತ್ತೆ, ಮಾವ, ದೊಡ್ಡ ಭಾವ, ಸಣ್ಣ ಭಾವ, ನಾದಿನಿ, ನಾದಿನಿ ಗಂಡ, ಮೈದುನ, ಓರಗಿತ್ತಿ. ಎಂಟು ಜನ ಮುಗಿದರೆ ಫೋಟೋ ಹದ.

ಎಲ್‌ಇಡಿ ಬೆಳಕು ಎಷ್ಟು ಜೋರೆಂದರೆ, ಮಾವನ ತನಕ ಹೋಗುವಷ್ಟರಲ್ಲೇ ಕಾಗದ ಕಪ್ಪು. ಮತ್ತೆ ಮತ್ತೆ "ಅತ್ತೆ... ಥೂ! ಅತ್ತೆ... ಥೂ!" ಅಂತ ಒದ್ದಾಡುತ್ತಿದ್ದೆ.

ಹೊರಗಿಂದ ಯಜಮಾನರು, "ಏನೇ ಅದು, ಸತ್ತೋದ ನಮ್ಮವ್ವಂಗೆ ಯಾಕೆ ಉಗಿತಿದ್ದೀ?" ಅಂದರು. ನಾನು ಹಿಂಗೆ ಎಣಿಸುತ್ತೀನಿ ಅನ್ನೋದು ಅವರಿಗೆ ಅವತ್ತೇ ಗೊತ್ತಾಗಿದ್ದು. ನಾನು ಕತ್ತಲು ಮಾಡಿಕೊಂಡು ಎಣಿಸುವಾಗ ಒಂದು ದಿನವಾದರೂ ಒಳಗೆ ಬಂದಿದ್ದರೆ ತಾನೆ?

"ಉಗಿತಿಲ್ಲ ರೀ, ಆಶ್ಚರ್ಯ ಪಡ್ತಿದ್ದೀನಿ. ಮನೆಮಂದಿಯೆಲ್ಲ ಸೇರಿ ಮಾಡೋ ಕೆಲ್ಸನ ಅತ್ತೆ ಒಬ್ರೇ ಮುಗಿಸ್ತಾ ಅವ್ರೆ. ಬದುಕಿದ್ದಾಗ ಕುಡಿದ ಲೋಟ ಎತ್ತಿಡಲಿಲ್ಲ."

ಆಮೇಲೆ ಐಸ್‌ಕ್ರೀಮ್ ಡಬ್ಬಿಯ ಬಿಳಿ ಮುಚ್ಚಳ ಕತ್ತರಿಸಿ ಬಲ್ಬಿನ ಕೆಳಗೆ ಇಟ್ಟೆ. ಹಳೇ ಬಲ್ಬಾಗಿದ್ದರೆ ಕರಗಿ ಹೋಗುತ್ತಿತ್ತು, ಇದಕ್ಕೆ ಬಿಸಿಯೇ ಇಲ್ಲ. ಬೆಳಕು ಮಂದವಾಯಿತು, ಓರಗಿತ್ತಿಯ ತನಕ ಎಲ್ಲರೂ ಎಣಿಕೆಗೆ ವಾಪಸ್ ಬಂದರು. ಅದೊಂದೇ ಬೇಜಾರು.

ಜಗಳೂರಿನ ಶಾಲು

ಸಭೆಯ ದಿನ ಮಿಷನ್ನನ್ನು ಅಲ್ಲಿಗೇ ಒಯ್ದೆವು. ಕಿಟಕಿಗೆಲ್ಲ ಕಂಬಳಿ ಹೊದಿಸಿ ಕತ್ತಲು ಮಾಡಿ, ನಮ್ಮ ಕೆಂಪು ಬಲ್ಬೊಂದನ್ನೇ ಉರಿಸಿದರು. ಮಿಷನ್ನಿನ ಮುಂದೆ ಯಜಮಾನರು, ಪಕ್ಕದಲ್ಲಿ "ಸಹಾಯಕ್ಕೆ" ನಾನು. ಕತ್ತಲಾದ ಕೂಡಲೇ ಅವರು ನನ್ನ ಸೆರಗು ಗಟ್ಟಿಯಾಗಿ ಹಿಡಿದುಕೊಂಡರು. ಬೆಳಕು ಬಿಟ್ಟಿದ್ದು, ಎಣಿಸಿದ್ದು, ಅದ್ದಿದ್ದು, ಎಲ್ಲ ನಾನೇ. ಔಷಧಿ ನೀರಲ್ಲಿ ನ್ಯಾಮತಿಯ ಮದುಮಗಳು ಮೆಲ್ಲಗೆ ಕಣ್ಣು ಬಿಟ್ಟಳು. ಜನ ಓಹೋ ಅಂದರು.

"ಯಜಮಾನ್ರ ಕೈಚಳಕ ನೋಡ್ರಿ!" ಅಂದ ಒಬ್ಬ. "ಅಜ್ಜಿ ಯಾಕೆ ನೀರಾಗೆ ಕೈ ಹಾಕ್ಯಾರೆ?" ಅಂದ ಇನ್ನೊಬ್ಬ.

ಲೈಟು ಬಂತು. ಶಾಲು, ಹಾರ, ಪೇಟ ಎಲ್ಲ ಆದವು. ಯಜಮಾನರು ಮೈಕು ಹಿಡಿದರು.

"ಕೇಳ್ರಿ ಎಲ್ರೂ. ಈ ಫೋಟೋ ಮಾಡಿದ್ದು ನಾನಲ್ಲ. ನನಗೆ ಈ ಕೆಲ್ಸ ಬರಾದೇ ಇಲ್ಲ. ನಮ್ಮ ಸ್ಟುಡಿಯೋದ ಒಂದು ಫೋಟೋನೂ ನಾನು ತೊಳ್ದಿಲ್ಲ. ಎಲ್ಲಾ ಈಕೆ ಮಾಡಿದ್ದು."

ಹೇಳಿಬಿಟ್ಟರು! ಸಭೆಯಲ್ಲಿ ನಗೆ, ಚಪ್ಪಾಳೆ, ಸಿಳ್ಳೆ. ಕಾರ್ಯಕ್ರಮ ನಡೆಸುತ್ತಿದ್ದವನಂತೂ ಕಣ್ಣೊರೆಸಿಕೊಂಡ.

"ದೊಡ್ಡತನ ಅಂದ್ರೆ ಇದು! ತಮ್ಮ ಹೆಸರನ್ನೆಲ್ಲ ಹೆಂಡ್ತಿಗೆ ಧಾರೆ ಎರೆದ್ರು. ಇಂಥಾ ಗಂಡ ಯಾರಿಗೆ ಸಿಗ್ತಾನೆ?" ಅಂತ ಇನ್ನೊಂದು ಶಾಲು ತರಿಸಿ ಅವರಿಗೇ ಹೊದಿಸಿದ.

"ಅಲ್ರೀ, ನಿಜ್ವಾಗ್ಲೂ ಹೇಳ್ತಿದ್ದೀನಿ" ಅಂದರು ಯಜಮಾನರು. ಚಪ್ಪಾಳೆ ಇನ್ನೂ ಜೋರಾಯಿತು.

ಅವನು ಮೈಕನ್ನು ನನ್ನ ಬಾಯಿಯ ಹತ್ತಿರ ತಂದ. "ಅಜ್ಜಿ, ನಿಮ್ಮ ಯಜಮಾನ್ರು ಮನೆಯಾಗೂ ಹಿಂಗೇ ತಮಾಷೆ ಮಾಡ್ತಾರಾ?"

"ಹೂನಪ್ಪ, ಮದ್ವೆ ಆದಾಗಿಂದ ಮಾಡ್ತಾನೇ ಬಂದಾರೆ" ಅಂದೆ. "ಇವತ್ತೊಂದಿನ ಬಿಟ್ಟಿದ್ರು."