ಕೆಂಗಾಳಿಯ ಕೊನೆಯ ತಿರುವು

ಎಲ್ಲಾ ಶುರುವಾದದ್ದು ಒಂದು ಸೀಟ್ ಬೆಲ್ಟಿನಿಂದ.

‘ಕೆಂಗಾಳಿ’ ಎಂಬ ಕಾರ್ ರೇಸಿನ ಹಳೆಯ ಅನಿಮೆ ಕಾರ್ಟೂನ್ ಧಾರಾವಾಹಿಯನ್ನು ಈಗಿನ ಮಕ್ಕಳಿಗಾಗಿ ಹೊಸದಾಗಿ ಮಾಡುವ ಭಾಗ್ಯ ನಿರ್ದೇಶಕ ಕುರಾಮೊಚಿಗೆ ಒದಗಿತ್ತು. ಚಿಕ್ಕಂದಿನಲ್ಲಿ ಅದರ ಕೊನೆಯ ಕಂತು ನೋಡಿ ಹುಚ್ಚು ಹತ್ತಿಸಿಕೊಂಡವನು ಅವನು. ಕೆಂಪು ಕಾರು ಬ್ರೇಕ್ ಹಾಕದೆ ಬೆಟ್ಟದ ತಿರುವಿನಲ್ಲಿ ಹೊರಳುವಾಗ ಹಿಂದಿನ ಚಕ್ರ ಪ್ರಪಾತದ ಮೇಲೆ ತೇಲುತ್ತದಲ್ಲ, ಅದನ್ನೇ ಸೈಕಲ್ಲಿನಲ್ಲಿ ಮಾಡಹೋಗಿ ತಮಾ ನದಿಗೆ ಬಿದ್ದು ಮುಂದಿನ ಹಲ್ಲು ಮುರಿದುಕೊಂಡಿದ್ದ. ಆ ಅರ್ಧ ಹಲ್ಲನ್ನು ಇಂದಿಗೂ ಪದಕದ ಹಾಗೆ ತೋರಿಸಿಕೊಂಡು ತಿರುಗುತ್ತಾನೆ. ಬೇರೇನು ಹೋದರೂ ಹೋಗಲಿ, ಆ ತಿರುವೊಂದು ಉಳಿಯಬೇಕು ಎಂಬುದು ಅವನ ಹಟ.

ಅಂದು ಸಂಜೆ ಹಣ ಹಾಕಿದವರೆಲ್ಲರ ಸಭೆ. ಟೋಕಿಯೋದಲ್ಲಿ ಸಭೆ ಇರುವುದು ತಲೆಯಾಡಿಸುವುದಕ್ಕೆ ಮಾತ್ರ. ತಕರಾರು ಏನಿದ್ದರೂ ಮೊದಲೇ ಒಬ್ಬೊಬ್ಬರ ಬಾಗಿಲಿಗೆ ಹೋಗಿ ಮುಗಿಸಿಕೊಂಡಿರಬೇಕು. ಹಾಗಾಗಿ ಕುರಾಮೊಚಿ ಬೆಳಗ್ಗೆಯೇ ಸಿಹಿ ಡಬ್ಬಿಗಳ ಚೀಲ ಹಿಡಿದು ಹೊರಟ.

ಮೊದಲು ವಿಮೆ ಕಂಪನಿಯ ಹಮಾಗುಚಿ ಮೇಡಂ.

“ಬಹಳ ಚೆನ್ನಾಗಿದೆ ಡೈರೆಕ್ಟ್ರೇ. ಒಂದೇ ಒಂದು ಸಣ್ಣ ವಿಷಯ. ಹುಡುಗ ಬೆಲ್ಟ್ ಹಾಕ್ಕೊಂಡಿಲ್ವಲ್ಲ?”

“ಹಾಕಿಸ್ತೀನಿ ಮೇಡಂ.”

“ಹಾಗೇ ಜೀಬ್ರಾ ಪಟ್ಟಿ ಹತ್ರ ಕಾರು ನಿಲ್ಲಿಸ್ಲಿ.”

“ಅದು ರೇಸು ಮೇಡಂ!”

“ರೇಸಾದ್ರೇನು, ಅಜ್ಜಿಯರು ರಸ್ತೆ ದಾಟಬಾರ್ದಾ?”

ಆಟಿಕೆ ಕಂಪನಿಯ ಓಗುಶಿಗೆ ಬೆಲ್ಟು, ಅಜ್ಜಿ ಎರಡೂ ಒಪ್ಪಿಗೆಯಾದವು. “ಆದ್ರೆ ಬರೀ ಕಾರು ಯಾರು ತಗೋತಾರೆ? ಅದು ಎದ್ದು ನಿಂತು ರೋಬೋ ಆಗ್ಲಿ” ಎಂದ.

ರೋಬೋ ಬಂತೆಂದ ಮೇಲೆ ಮತ್ತೆ ಹಮಾಗುಚಿಯ ಒಪ್ಪಿಗೆ ಬೇಕಲ್ಲ! ಕುರಾಮೊಚಿ ಬೈದುಕೊಳ್ಳುತ್ತಾ ರೈಲು ಹತ್ತಿ ವಾಪಸ್ ಬಂದ. ಆಕೆ ರೋಬೋದ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, “ರೋಬೋಗೆ ಬೆಲ್ಟ್ ಎಲ್ಲಿ?” ಎಂದಳು.

ಟಿವಿ ಚಾನೆಲ್ಲಿನ ನಿಶಿಗಾಕಿಯದು ಬೇರೆಯೇ ರಾಗ. “ಭಾನುವಾರ ಬೆಳಗ್ಗೆ ಜನ ಮಲಗಿರ್ತಾರೆ ಕಣ್ರೀ. ಎಂಜಿನ್ ಸದ್ದು ಬೇಡ. ಕರೆಂಟಿನ ಕಾರು ಮಾಡಿ.”

ಮಧ್ಯಾಹ್ನದ ಹೊತ್ತಿಗೆ ಕೆಂಗಾಳಿ ಸದ್ದಿಲ್ಲದೆ ಹೊರಟು, ಅಜ್ಜಿಯರಿಗೆ ದಾರಿ ಬಿಟ್ಟು, ಸೊಂಟಕ್ಕೆ ಬೆಲ್ಟು ಬಿಗಿದ ರೋಬೋ ಆಗಿ ನಿಂತಿತ್ತು. ಸ್ಟೇಷನ್ನಿನಲ್ಲಿ ನಿಂತೇ ಸೋಬಾ ನೂಡಲ್ಸ್ ಹೀರುತ್ತಿದ್ದ ಕುರಾಮೊಚಿಗೆ ಅಳು ಬಂತು. ಆಗಲೇ ಒಂದು ಉಪಾಯವೂ ಹೊಳೆಯಿತು.

ಕೊನೆಯ ಒಪ್ಪಿಗೆ ಮೂಲ ಕತೆಗಾರ ಮುರಾಬಯಾಶಿ ಮೇಷ್ಟ್ರದು. ಅವರು ಬೇಡವೆಂದರೆ ಯಾರೂ ಉಸಿರೆತ್ತುವಂತಿಲ್ಲ. ಅವರೋ ಮಹಾ ಮುಂಗೋಪಿ; ಒಂದು ಗೆರೆ ಬದಲಿಸಿದ ಸಂಪಾದಕನ ಮೇಲೆ ಇಂಕಿನ ಬಾಟಲಿ ಎಸೆದಿದ್ದವರು. ಇದನ್ನೆಲ್ಲ ಕೇಳಿದರೆ ಎಲ್ಲರಿಗೂ ಸರಿಯಾಗಿ ಮಂಗಳಾರತಿ ಎತ್ತುತ್ತಾರೆ!

ಮೇಷ್ಟ್ರ ಮನೆಯ ಚಾಪೆಯ ಮೇಲೆ ಮಂಡಿಯೂರಿ, ಬೆಂಕಿಗೆ ತುಪ್ಪ ಸುರಿದಂತೆ ಒಂದೊಂದನ್ನೂ ಬಣ್ಣಿಸಿದ. ಮುದುಕರ ತುಟಿ ನಡುಗಿತು. ಕುರಾಮೊಚಿ ಬಾಟಲಿ ತಪ್ಪಿಸಿಕೊಳ್ಳಲು ಸಿದ್ಧನಾದ.

ಮೇಷ್ಟ್ರು ಗಳಗಳನೆ ಅತ್ತರು. “ಕೊನೆಗೂ! ಆಗಿನ ಟಿವಿಯವ್ರಿಗೆ ನಾನು ಅವತ್ತೇ ಬಡ್ಕೊಂಡೆ, ಬೆಲ್ಟ್ ಹಾಕ್ಸಿ ಅಂತ. ಒಬ್ರೂ ಕೇಳ್ಲಿಲ್ಲಪ್ಪ. ಎಲ್ಲಾ ಒಪ್ಪಿದ್ದೀನಿ. ಆ ಹಾಳು ತಿರುವೊಂದನ್ನ ಮಾತ್ರ ಕಿತ್ತು ಬಿಸಾಕು.”

“ಮೇಷ್ಟ್ರೇ, ಅದೊಂದನ್ನ ಮಾತ್ರ ಕೀಳಿಸ್ಬೇಡಿ! ಅದೇ ಕೆಂಗಾಳಿಯ ಪ್ರಾಣ!”

“ಪ್ರಾಣ ಅಂತೆ! ಅದನ್ನ ನೋಡಿ ಯಾವುದೋ ತಲೆಹರಟೆ ಹುಡುಗ ಸೈಕಲ್ ಸಮೇತ ತಮಾ ನದಿಗೆ ಹಾರಿದ್ನಂತೆ. ಅವರಮ್ಮ ಇಲ್ಲೇ, ನೀನು ಕೂತಿರೋ ಜಾಗದಲ್ಲೇ ಕೂತು ನನ್ನ ಜನ್ಮ ಜಾಲಾಡಿಬಿಟ್ರು. ಅವತ್ತಿನಿಂದ ಕಾರು ಕಂಡ್ರೆ ನಾನು ಮಾರು ದೂರ ಓಡ್ತೀನಿ. ಪಾಪ, ಆ ಮಗುವಿನ ಹಲ್ಲೇ ಮುರಿದುಹೋಯ್ತಂತೆ.”

ಅಮ್ಮ ಇಲ್ಲಿಗೆ ಬಂದದ್ದನ್ನು ಕುರಾಮೊಚಿಯ ಮುಂದೆ ಒಂದು ದಿನವೂ ಬಾಯಿಬಿಟ್ಟಿರಲಿಲ್ಲ.

“ಏನಪ್ಪಾ, ತೆಗೀತೀಯೋ ಇಲ್ವೋ?”

ಕುರಾಮೊಚಿ ಅಂಗೈಯಿಂದ ಬಾಯಿ ಮುಚ್ಚಿಕೊಂಡು, ಹಣೆ ಚಾಪೆಗೆ ತಾಗುವಂತೆ ಬಾಗಿದ. “ತೆಗೆದುಹಾಕ್ತೀನಿ ಮೇಷ್ಟ್ರೇ” ಎಂದ.