ನಮ್ಮವರ ಸ್ಕ್ರೇಪರ್ ತೋಪಡ

ಕೆಲವರ ಮನೆಗೆ ಸಾಮಾನು ಸುಮ್ಮನೆ ಬಂದು ಒಂದು ಮೂಲೆಯಲ್ಲಿ ಕೂರುತ್ತೆ. ನಮ್ಮ ಮನೆಗೆ ಹಾಗಲ್ಲ. ಒಂದು ಸೂಜಿ ಬರಬೇಕಾದರೂ ಯಾರೋ ನಕ್ಕು, ಯಾರೋ ಸಿಟ್ಟಾಗಿ, ಊರೆಲ್ಲ ಒಂದು ಸುತ್ತು ಸುದ್ದಿಯಾದ ಮೇಲೆಯೇ ಬರುತ್ತೆ. ನಾನು ರಾಯದುರ್ಗದಲ್ಲಿ ರವಿಕೆ ಹೊಲಿಯುವವಳು. ನಮ್ಮವರು ಬಡಗಿ. ಈಗ ಅವರಿಲ್ಲ. ನೆನೆಸಿಕೊಂಡು ಒಂದಿಷ್ಟು ಅತ್ತು ಹಗುರಾಗೋಣ ಅಂತ ಕೂತರೆ, ಇಂಥದ್ದೇ ಏನಾದರೂ ನೆನಪಾಗಿ ಮಧ್ಯದಲ್ಲಿ ನಗು ಬಂದುಬಿಡುತ್ತೆ. ನೆಟ್ಟಗೆ ಅಳುವುದಕ್ಕೂ ಬಿಡದ ಮನುಷ್ಯ.

ಹುಡುಗಿ ನೋಡಲು ಬಂದದ್ದು

ನನ್ನ ತವರು ಮಡಕಶಿರದ ಕಡೆ, ರತ್ನಗಿರಿ ಕೋಟೆಯ ಬೆಟ್ಟ ಕಾಣುವ ಒಂದು ಹಳ್ಳಿ. ಹುಡುಗ ರಾಯದುರ್ಗದವನು ಅಂದಾಗ ನಮ್ಮ ದೊಡ್ಡಪ್ಪನಿಗೆ ಬಹಳ ಖುಷಿ. "ಆ ಕಡೆ ಜನ ಮಾತ್ಮಾತಿಗೂ ರೀ ಅಂತಾರೆ ಕಣಮ್ಮಿ. ಬೈದ್ರೂ ಮರ್ಯಾದೆ ಕೊಟ್ಟೇ ಬಯ್ತಾರೆ" ಅಂತ ನನಗೆ ಧೈರ್ಯ ಹೇಳಿದರು.

ನಾನು ಕಾಫಿ ತಟ್ಟೆ ಹಿಡಿದು ತಲೆ ಬಗ್ಗಿಸಿಕೊಂಡು ಬಂದೆ. ಓರೆಗಣ್ಣಲ್ಲಿ ನೋಡಿದರೆ ಅವರೂ ತಲೆ ಬಗ್ಗಿಸಿದ್ದಾರೆ. ಪಾಪ, ನಾಚಿಕೆಯ ಗಂಡಸು ಅಂದುಕೊಂಡೆ. ನಾಚಿಕೆಯೂ ಇಲ್ಲ, ಏನೂ ಇಲ್ಲ. ಕೂತಿದ್ದ ಬೆಂಚನ್ನು ಅಂಗೈಯಲ್ಲಿ ಸವರುತ್ತಿದ್ದರು. ಆ ಕಡೆಗೊಮ್ಮೆ, ಈ ಕಡೆಗೊಮ್ಮೆ, ಬೆಕ್ಕಿನ ಬೆನ್ನು ಸವರಿದ ಹಾಗೆ.

"ಏನಪ್ಪಾ, ಎಂಗವ್ಳೆ?" ಅಂತ ದೊಡ್ಡಪ್ಪ ಕೇಳಿದರು.

"ಬೇವು ಅಲ್ರೀ ಇದು? ಬೇವು ಆದ್ರೂ ಏನ್ ನುಣುಪೈತ್ರೀ!" ಅಂದರು ಅವರು, ಬೆಂಚಿನಿಂದ ಕಣ್ಣೆತ್ತದೆ.

ಒಳಗಿನಿಂದ ನಮ್ಮಮ್ಮನ ದನಿ ಬಂತು. "ಬೇವಂತೆ! ನನ್ ಮಗ್ಳು ಅಷ್ಟೊಂದು ಕಹಿಯಾಗವ್ಳಾ?"

ಎಲ್ಲರೂ ನಕ್ಕರು. ಆಗ ಅವರಿಗೆ ಎಲ್ಲಿದ್ದೇನೆ ಅನ್ನುವುದು ತಿಳಿದು, ಕಿವಿ ಕೆಂಪಗಾಗಿ, ಮೊದಲ ಸಲ ನನ್ನ ಮುಖ ನೋಡಿ ಹೇಳಿದರು: "ಹುಡುಗೀನೂ ಚೊಲೋ ಅದಾಳ್ರಿ."

ಆ 'ಹುಡುಗೀನೂ' ಅನ್ನುವುದರ 'ನೂ' ಇದೆಯಲ್ಲ, ಅದೊಂದನ್ನು ಹಿಡಿದುಕೊಂಡು ನಾನು ಸಂಸಾರದುದ್ದಕ್ಕೂ ಜಗಳ ಗೆದ್ದಿದ್ದೇನೆ.

ಎಲ್ಲಾ ಒಂದೇ ಥರ ಅವೆ

ನೆಲದ ಮೇಲೆ ಬಟ್ಟೆ ಹರವಿ ಕತ್ತರಿಸಿ ಕತ್ತರಿಸಿ ನನಗೆ ಸೊಂಟ ಹಿಡಿಯಿತು. ಅವರು ಬೇವಿನ ಹಲಗೆಯಲ್ಲಿ ಒಂದು ಮೇಜು ಮಾಡಿಕೊಟ್ಟರು, ಎತ್ತರ ನನ್ನ ಸೊಂಟಕ್ಕೆ ಸರಿಯಾಗಿ. ಅದರ ಮೇಲೆ ನಾನು ಮೊದಲು ಹಾಸಿದ್ದು ಒಬ್ಬ ಟೀಚರಮ್ಮನ ರೇಷ್ಮೆ ಬಟ್ಟೆ. ಎಳೆದೆ ನೋಡಿ, ಸಿಬಿರಿಗೆ ಸಿಕ್ಕಿ ಎಳೆ ಕಿತ್ತು ಬಂತು.

ಬೇವಿನಲ್ಲಿ ನಾರು ಒಂದು ಪಟ್ಟಿ ಆ ಕಡೆಗೆ, ಪಕ್ಕದ ಪಟ್ಟಿ ಈ ಕಡೆಗೆ ಓಡುತ್ತಂತೆ. ಮರ ಹೆರೆದು ನುಣುಪು ಮಾಡುವ ಸಾದಾ ತೋಪಡ ಹೊಡೆದರೆ ಒಂದು ಕಡೆ ಗಾಜಿನ ಹಾಗಾಗುತ್ತೆ, ಇನ್ನೊಂದು ಕಡೆ ಸಿಬಿರು ಏಳುತ್ತೆ. "ಇದಕ್ಕ ಸ್ಕ್ರೇಪರ್ ತೋಪಡನ ಆಗ್ಬೇಕು. ಅದರ ಅಲಗು ಒರಗಂಗಿಲ್ಲ. ನೆಟ್ಟಗ ನಿಂತು ಕೆರಿತೈತಿ. ನಾರು ಯಾವ ಕಡಿಗಿದ್ರೂ ಬಿಡಂಗಿಲ್ಲ" ಅಂದರು. ನಮ್ಮತ್ತೆಯ ಸ್ವಭಾವ ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಅದನ್ನು ಆರಿಸಲು ಬಳ್ಳಾರಿಗೆ ಹೊರಟೆವು. ಹೇಗೂ ಹೋಗುತ್ತೇವಲ್ಲ, ಒಂದು ಸೀರೆಯನ್ನೂ ನೋಡೋಣ ಅಂತ ಮೊದಲು ಸೀರೆ ಅಂಗಡಿಗೆ ಕರೆದುಕೊಂಡು ಹೋದೆ. ಮೂರನೆಯ ಸೀರೆ ಬಿಚ್ಚುವಷ್ಟರಲ್ಲಿ ಅವರು ಆಕಳಿಸಿದರು. "ಎಲ್ಲಾ ಒಂದ ಥರ ಅವ. ಯಾವುದರ ಒಂದು ತಗೊ, ಹೋಗಾಮು." ಸೀರೆ ಬಿಟ್ಟು ಎದ್ದು ಬಂದೆ.

ಆಮೇಲೆ ಬಡಗಿ ಸಾಮಾನಿನ ಅಂಗಡಿ. ಅಂಗಡಿಯವರು ಮೂರು ಸ್ಕ್ರೇಪರ್ ತೋಪಡ ತಂದು ಇಟ್ಟರು. ಮರದ ಮೈಯದು ಒಂದು. ಕಬ್ಬಿಣದ್ದು, ಎರಡು ಕಡೆ ರೆಕ್ಕೆಯಂಥ ಹಿಡಿ ಇರುವುದು ಒಂದು. ಇನ್ನೊಂದು ಮಗುವಿನಷ್ಟು ಭಾರದ್ದು. ನಮ್ಮವರು ಚೀಲದಿಂದ ಒಂದು ಬೇವಿನ ತುಂಡು ತೆಗೆದರು! ಮನೆಯಿಂದ ತಂದಿದ್ದರು. ಅದನ್ನು ಕೌಂಟರ್ ಮೇಲಿಟ್ಟು ಒಂದೊಂದರಲ್ಲೂ ಕೆರೆದು, ಬೆಳಕಿಗೆ ಹಿಡಿದು, ಬೆರಳಾಡಿಸಿ, ತಲೆಯಾಡಿಸಿ, ಮತ್ತೆ ಮೊದಲಿನಿಂದ ಶುರು. ತೆಳ್ಳನೆ ಅಲಗಿನದು ಬಾಗಿ ಕಟಕಟ ಕುಣಿಯುತ್ತೆ, ಮರದ ಮೇಲೆ ಅಲೆ ಅಲೆ ಬೀಳುತ್ತೆ ಅಂದರು. ದಪ್ಪ ಅಲಗಿನದು ಅಲುಗುವುದಿಲ್ಲ, ಆದರೆ ಹಿಡಿ ಕೈಗೆ ಒಗ್ಗಲಿಲ್ಲ ಅಂದರು. ನನಗೆ ಕಾಲು ನೋವು ಬಂತು.

"ಎಲ್ಲಾ ಒಂದೇ ಥರ ಅವೆ. ಯಾವುದಾನ ಒಂದು ತಗಳ್ರೀ, ಹೋಗಾಣ" ಅಂದೆ.

ಅವರು ನನ್ನನ್ನು ನೋಡಿದ ರೀತಿ! ದೇವರ ಮನೆಗೆ ಚಪ್ಪಲಿ ಹಾಕಿಕೊಂಡು ಬಂದವರನ್ನು ನೋಡಿದ ಹಾಗೆ.

ಅಷ್ಟರಲ್ಲಿ ಬೇವಿನ ತುಂಡು ಜಾರಿ ಬಿದ್ದಿತ್ತು, ಅವರಿಗೆ ಗೊತ್ತೇ ಇಲ್ಲ. ಅಂಗಡಿಯ ಕೌಂಟರನ್ನೇ ಕೆರೆಯುತ್ತಿದ್ದರು. ಅಂಗಡಿಯವರು ಬಹಳ ಹೊತ್ತು ನೋಡಿ ಕೇಳಿದರು: "ರೀ, ಅರ್ಧ ಅಂಗಡಿ ನುಣುಪಾತು. ತಗಂತೀರೋ, ಇಲ್ಲೋ?"

ನಮ್ಮವರು ಕತ್ತೆತ್ತದೆ ಅಂದರು: "ತಡೀರಿ, ನಿಮ್ ಕಡೆ ಇನ್ನೊಂದೀಟು ಐತಿ."

ದಪ್ಪ ಅಲಗಿನದೇ ಮನೆಗೆ ಬಂತು. ಸೀರೆ ಬರಲಿಲ್ಲ.

ಕೆನ್ನೆ ಇಟ್ಟು ನೋಡಿದ್ದು

ಆ ತೋಪಡ ಓಡುವಾಗ ಒಂದು ಸದ್ದು ಬರುತ್ತಿತ್ತು, ಹೊಸ ಬಟ್ಟೆಯನ್ನು ನಿಧಾನವಾಗಿ ಹರಿದ ಹಾಗೆ. ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿನ ಸುರುಳಿ ಬೀಳುತ್ತಿತ್ತು. ಕೆಲಸ ಮುಗಿದ ಮೇಲೆ ಅವರು ಕೈಯಲ್ಲಿ ಸವರಿ ನಂಬುತ್ತಿರಲಿಲ್ಲ. "ಕೈಗೆ ದಡ್ಡು ಬಿದ್ದಾವ, ಅದಕ್ಕೇನ್ ತಿಳಿತೈತಿ" ಅಂತ ಮೇಜಿನ ಮೇಲೆ ಕೆನ್ನೆ ಇಟ್ಟು, ಕಣ್ಣು ಮುಚ್ಚಿ, ಎಲ್ಲಿ ತಡೆಯುತ್ತೆ ಅಂತ ನೋಡುತ್ತಿದ್ದರು.

ಹಾಗೆ ಕೆನ್ನೆ ಇಟ್ಟಿದ್ದಾಗ ಪಕ್ಕದ ಮನೆಯಾಕೆ ರವಿಕೆ ಅಳತೆ ಕೊಡಲು ಬಂದಳು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಆಕೆ ನೋಡಿದ್ದು ಒಂದೇ: ಮನೆ ಯಜಮಾನ ಮೇಜಿನ ಮೇಲೆ ಒರಗಿದ್ದಾರೆ, ಕಣ್ಣು ಮುಚ್ಚಿದೆ, ಅಲುಗಾಟವಿಲ್ಲ. "ಅಯ್ಯಯ್ಯೋ, ಅಣ್ಣಾರು ಹೋದ್ರಲ್ಲೋ!" ಅಂತ ಕಿರುಚಿದವಳೇ ಬಾಗಿಲ ಹತ್ತಿರವಿದ್ದ ಕೊಡವನ್ನು ಎತ್ತಿ ಅವರ ತಲೆಯ ಮೇಲೆ ಸುರಿದಳು.

ನಮ್ಮವರು ತಟ್ಟನೆ ತಲೆಯೆತ್ತಿ ಕೂಗಿಕೊಂಡರು: "ನನ್ನ ಮ್ಯಾಲ ಬೇಕಾದ್ರ ಹಾಕ್ರಿ, ಕಟ್ಟಿಗಿ ಮ್ಯಾಲ ಹಾಕಬ್ಯಾಡ್ರೀ!"

ಓಣಿಯ ಜನ ವರ್ಷಗಟ್ಟಲೆ ನಕ್ಕರು. ಕೊನೆಗೆ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ನಿಜವಾಗಿಯೂ ಏಳದೆ ಹೋದಾಗ, ಓಡಿ ಬಂದವಳು ಆಕೆಯೇ. ಎಲ್ಲರೂ ಆಸ್ಪತ್ರೆ, ಆಟೋ ಅಂತ ಓಡಾಡುತ್ತಿದ್ದರೆ ಆಕೆ ಮಾತ್ರ ಚೊಂಬು ಹಿಡಿದುಕೊಂಡು ನನ್ನ ಹಿಂದೆ ನಿಂತಿದ್ದಳು. "ಒಂದ್ಸಲ ಹಾಕಿ ನೋಡ್ಲೇನಕ್ಕಾ?" ಅಂದಳು. ಆ ದುಃಖದಲ್ಲಿ ನನಗೆ ನಗು ಬಂತು ಅಂದರೆ ನೀವು ನಂಬಬೇಕು.

ತವರಿನಲ್ಲಿ ನಿತ್ಯ ಸ್ಮರಣೆ

ತಿಥಿ ಮುಗಿದ ದಿನ ನನ್ನ ತಮ್ಮ, "ಭಾವನ ನೆನಪಿಗೆ ಒಂದು ಸಾಮಾನು ತಗಂಡೋಗ್ತೀನಕ್ಕ" ಅಂದ. ಆ ಹೊತ್ತಿನಲ್ಲಿ ಮನೆಯ ಚಾವಣಿ ಬಿಚ್ಚಿಕೊಂಡು ಹೋಗಿದ್ದರೂ ನನಗೆ ತಿಳಿಯುತ್ತಿರಲಿಲ್ಲ. ಹೂಂ ಅಂದೆ. ಅವನು ಒಯ್ದದ್ದು ಆ ಸ್ಕ್ರೇಪರ್ ತೋಪಡ.

ಮೇಜಿನ ಮೇಲೆ ಕತ್ತರಿ ಆಡಿ, ಇಸ್ತ್ರಿ ಸುಟ್ಟು, ಮೆಲ್ಲಗೆ ಸಿಬಿರು ತಲೆಯೆತ್ತಿತು. ಬಟ್ಟೆ ಎಳೆದಾಗೆಲ್ಲ ಅಲ್ಲೊಂದು ಇಲ್ಲೊಂದು ಕಡೆ ಹಿಡಿಯುತ್ತಿತ್ತು. ಯಾರೋ ಸೆರಗು ಹಿಡಿದು ಕರೆದಂತಾಗಿ ತಿರುಗಿ ನೋಡುತ್ತಿದ್ದೆ. ಒಂದು ದಿನ ತಡೆಯಲಾರದೆ ಬಸ್ಸು ಬದಲಿಸಿ ಬದಲಿಸಿ ಮಡಕಶಿರಕ್ಕೆ ಹೋದೆ, ತೋಪಡ ವಾಪಸು ಕೇಳೋಣ ಅಂತ. ಕೇಳುವುದು ಹೇಗೆ ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಹಿತ್ತಿಲಿಗೆ ಹೋದರೆ ತಮ್ಮನ ಹೆಂಡತಿ ನೀರೊಲೆಯ ಹಂಡೆಯನ್ನು ಮಗುಚಿ ಹಾಕಿ, ಅದೇ ತೋಪಡದಲ್ಲಿ ತಳದ ಮಸಿ ಕೆರೆಯುತ್ತಿದ್ದಾಳೆ! ನನ್ನನ್ನು ನೋಡಿ ಮುಖ ಅರಳಿಸಿದಳು.

"ಬಾರಕ್ಕ! ನಮ್ ಭಾವ ದೇವ್ರಂಥೋರು ಕಣಕ್ಕ. ಇದ್ರಂಗೆ ಮಸಿ ಕೀಳೋ ಸಾಮಾನು ಇಡೀ ಊರಾಗೆ ಯಾರ್ ತಾವೂ ಇಲ್ಲ. ದಿನಾ ಬೆಳಗಾದ್ರೆ ಅವ್ರನ್ನ ನೆನೆಸ್ಕಂಡೇ ಹಂಡೆ ತಿಕ್ಕೋದು."

ಅಲಗು ಗರಗಸವಾಗಿತ್ತು. ತಳಕ್ಕೆ ತುಕ್ಕು ಹಿಡಿದಿತ್ತು. ನಿತ್ಯ ಇಷ್ಟು ಭಕ್ತಿಯಿಂದ ಪೂಜೆ ನಡೆಯುವ ಕಡೆಯಿಂದ ಮೂರ್ತಿಯನ್ನು ಕಿತ್ತುಕೊಂಡು ಬರುವುದುಂಟೇ? ಊಟ ಮಾಡಿ, ಅವರ ಹಂಡೆ ಹೊಳೆಯುವುದನ್ನು ಹೊಗಳಿ, ಬರಿಗೈಯಲ್ಲಿ ಬಂದೆ.

ನನ್ನ ಸರದಿ

ರಾಯದುರ್ಗದಲ್ಲೇ ಒಬ್ಬ ಬಡಗಿಯನ್ನು ಕರೆಸಿದೆ. ಆತ ಮೆಷಿನ್ ತಂದ. "ಉಪ್ಪುಕಾಗದದ ಮೆಷಿನ್ ರೀ ಇದು. ಹಿಂಗ ಹಿಡಿದ್ರ ಹಂಗ ಮುಗೀತು" ಅಂದ. ಮೇಜನ್ನು ಸುತ್ತಿ ನೋಡಿ, "ಇಲ್ಲೊಂದು ಕಡೆ ತಗ್ಗು ಬಿದ್ದೈತಿ, ಅದನ್ನೂ ಸಮ ಮಾಡ್ತೀನಿ" ಅಂದ.

ಅದು ನಮ್ಮವರು ಸಂಜೆ ಹೊತ್ತು ಮೊಣಕೈ ಊರಿ ನಿಂತು, ನಾನು ಹೊಲಿಯುವುದನ್ನು ನೋಡುತ್ತಿದ್ದ ಜಾಗ. ಅಷ್ಟು ವರ್ಷ ಊರಿ ಊರಿ ಒಂದಿಷ್ಟು ಸವೆದಿತ್ತು. ನನ್ನ ಬೆರಳಿಗೆ ಮಾತ್ರ ತಿಳಿಯುತ್ತೆ ಅಂದುಕೊಂಡಿದ್ದೆ.

"ಬೇಡಪ್ಪ. ತಗ್ಗು ಇರಲಿ" ಅಂದೆ.

"ಯಾಕ್ರೀ ಅಕ್ಕಾರ, ತಗ್ಗಿನಾಗ ಏನೈತ್ರಿ?"

ಏನೈತೆ ಅಂತ ಹೇಳಲಿ? ಚಹಾ ಕುಡಿಸಿ ಕಳಿಸಿದೆ. ಮರುದಿನ ಬಳ್ಳಾರಿ ಬಸ್ಸು ಹತ್ತಿದೆ.

ಹಳೆಯ ಅಂಗಡಿ ಇರಲಿಲ್ಲ. ಬೇರೆ ಅಂಗಡಿ, ಬೇರೆ ಜನ. "ಕೆರೆಯೋದು ಬೇಕಾಗಿತ್ತು" ಅಂದೆ, ಹೆಸರು ಬಾಯಿಗೆ ಬರದೆ.

ಅಂಗಡಿಯವರು ನನ್ನ ವಯಸ್ಸು, ಸೀರೆ, ಕೈಚೀಲ ಎಲ್ಲ ನೋಡಿ ಬಹಳ ವಿನಯದಿಂದ ಹೇಳಿದರು: "ಕೊಬ್ಬರಿ ತುರಿಯೋದು ಮುಂದಿನ ಸ್ಟೀಲ್ ಪಾತ್ರೆ ಅಂಗಡ್ಯಾಗ ಸಿಗತೈತ್ರಿ, ಅಮ್ಮಾರ."

ನಾನು ಚೀಲದಿಂದ ಬೇವಿನ ತುಂಡು ತೆಗೆದು ಕೌಂಟರ್ ಮೇಲಿಟ್ಟೆ.

ಎರಡು ತಂದು ಕೊಟ್ಟರು. ಎತ್ತಿ ನೋಡಿದೆ, ಇಳಿಸಿದೆ. ಕೆರೆದೆ. ಒಂದು ಕಟಕಟ ಕುಣಿಯಿತು. ಹಿಂದಕ್ಕೆ ತಳ್ಳಿದೆ. ಇನ್ನೊಂದು ದಪ್ಪ ಅಲಗಿನದು, ಆದರೆ ಹಿಡಿ ನನ್ನ ಕೈಗೆ ದೊಡ್ಡದು. ಮತ್ತೆ ಮೊದಲನೆಯದನ್ನು ಎತ್ತಿಕೊಂಡೆ, ಮತ್ತೆ ಇಟ್ಟೆ. ನನ್ನ ಹಿಂದೆ ನಿಂತಿದ್ದ ಗಿರಾಕಿ ಆಕಳಿಸಿ, "ಎಲ್ಲಾ ಒಂದ ಥರ ಅವ, ತಗೊಳ್ರಿ ಅಮ್ಮಾರ" ಅಂದ. ತಿರುಗಿ ಅವನನ್ನು ನೋಡಿದೆ. ಯಾವ ಥರ ನೋಡಿದೆನೋ ಗೊತ್ತಿಲ್ಲ, ಅವನು ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಚಪ್ಪಲಿ ಬಿಟ್ಟು ನಿಂತುಕೊಂಡ.

ಎಲ್ಲಿಗೆ ಹೋಗಿದ್ರಿ?

ದಪ್ಪ ಅಲಗಿನದನ್ನೇ ತಂದೆ. ದೊಡ್ಡದಾದ ಹಿಡಿಗೆ ಹಳೆಯ ಬಟ್ಟೆ ಸುತ್ತಿ ಹೊಲಿದೆ. ನಮಗೆ ಬರುವ ವಿದ್ಯೆ ಅದು ತಾನೇ. ಮೊದಲು ಬಂದದ್ದು ಸುರುಳಿಯಲ್ಲ, ಬರೀ ಪುಡಿ. ಅಲಗಿನ ಅಂಚಿಗೆ ಉಕ್ಕಿನ ಸರಳಿನಿಂದ ತಿಕ್ಕಿ ಒಂದು ಸಣ್ಣ ಕೊಕ್ಕೆ ಏಳಿಸಬೇಕು. ಅವರು ಮಾಡುವುದನ್ನು ನೋಡಿದ್ದೆ, ಕೈಗೆ ಮಾತ್ರ ಬರುತ್ತಿರಲಿಲ್ಲ. ತಿಕ್ಕಿದೆ, ಕೆಟ್ಟಿತು. ಮತ್ತೆ ತಿಕ್ಕಿದೆ. ಬೆರಳು ಕೊಯ್ದುಕೊಂಡೆ. ಸಾಕಪ್ಪ, ಆ ಮೆಷಿನ್ ಹುಡುಕೋಣ ಅನ್ನುವಷ್ಟರಲ್ಲಿ, ಒಂದು ಮಧ್ಯಾಹ್ನ, ಹೊಸ ಬಟ್ಟೆ ಹರಿದ ಸದ್ದು ಬಂತು. ಅದೇ ಸದ್ದು. ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿನ ಸುರುಳಿ ಕೈ ಮೇಲೆ ಬಂದು ಕೂತಿತು.

ಆಮೇಲೆ ನನಗೆ ಲೋಕದ ಪರಿವೆ ಇಲ್ಲ. ಬಾಗಿಲು ತೆರೆದೇ ಇತ್ತು, ನನ್ನ ಬೆನ್ನು ಬಾಗಿಲಿಗೆ. ಕೆರೆಯುತ್ತಾ ಹೋದೆ. ತಗ್ಗಿನ ಜಾಗವನ್ನು ಮಾತ್ರ ಸುತ್ತು ಬಳಸಿ ಬಿಟ್ಟೆ. ಅಭ್ಯಾಸ ನೋಡಿ, ಮಾತು ತಾನಾಗಿ ಬಾಯಿಂದ ಬಂತು.

"ಸಾಕೇನ್ರೀ? ಇನ್ನೂ ಕೆರೀಬೇಕಾ?"

ಹಿಂದಿನಿಂದ ಗಂಡಸಿನ ದನಿ ಬಂತು: "ಸಾಕ್ರಿ. ಚೊಲೋ ಆಗೈತಿ."

ನನ್ನ ಕೈ ನಿಂತಿತು. ತಿರುಗಲಿಲ್ಲ. ತಿರುಗಿದರೆ ಆ ದನಿ ಹೋಗಿಬಿಡುತ್ತೇನೋ ಅಂತ ಭಯ. ಮೇಜನ್ನೇ ನೋಡುತ್ತಾ ಕೇಳಿದೆ:

"ಎಲ್ಲಿಗೆ ಹೋಗಿದ್ರಿ ಇಷ್ಟು ದಿನ?"

"ಎಲ್ಲಿಗೂ ಹೋಗಿಲ್ರಿ. ತಿಂಗಳಾ ತಿಂಗಳಾ ಬರ್ತೀನಲ್ರಿ."

"ಬರ್ತೀರಾ? ನನಗೆ ಕಾಣಲೇ ಇಲ್ಲವಲ್ಲ!"

"ನೀವು ಮೆಷಿನ್ ತುಳಿತಾ ಇರ್ತೀರಿ, ನೋಡಂಗಿಲ್ಲ. ನಾನು ಸುಮ್ನ ನೋಡ್ಕೊಂಡು ಹೋಗ್ತೀನ್ರಿ."

"ನನ್ನನ್ನಾ?"

"ಇಲ್ರೀ, ಮೀಟರ್‌ನ."

ತಿರುಗಿದೆ. ಕರೆಂಟ್ ಬಿಲ್ಲಿನಾತ ಕುತ್ತಿಗೆಗೆ ಮೆಷಿನ್ ನೇತು ಹಾಕಿಕೊಂಡು ಹೊಸಿಲಲ್ಲಿ ನಿಂತಿದ್ದ. ಪಾಪ, ಮಕ್ಕಳೊಂದಿಗ ಮನುಷ್ಯ. ನನ್ನ ಕಣ್ಣಲ್ಲಿ ನೀರು ನೋಡಿ ಅವನ ಮುಖ ಬಿಳುಪೇರಿತು. "ಈ ಸಲ ಬಿಲ್ಲು ಜಾಸ್ತಿ ಏನ್ ಬಂದಿಲ್ರಿ ಅಕ್ಕಾರ" ಅಂದ.

ನಾನು ನೆಲಕ್ಕೆ ಕುಸಿದು ಕೂತು ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಏನು ವಿಷಯ ಅಂತ ಅವನಿಗೆ ಹೇಳಿದಾಗ ಅವನೂ ಮೊದಲು ಹೆದರಿ, ಆಮೇಲೆ ನಕ್ಕ. ಕೊಟ್ಟ ಚಹಾ ಕುಡಿದು ಹೊರಡುವಾಗ ಕೈ ಮುಗಿದ.

"ತಪ್ಪಾತ್ರಿ. ಮುಂದಿನ ತಿಂಗಳಿಂದ ಹೊರಗ ನಿಂತು, ಕೂಗಿ ಹೇಳಿ ಒಳಗ ಬರ್ತೀನ್ರಿ."

"ಕೂಗಬೇಡಪ್ಪಾ" ಅಂದೆ. "ಹಿಂಗೇ ಬಾ."