ಒಂದು ಕಿಟ್ಲಿ ಕಷಾಯ, ನಾಲ್ಕು ತಾಲೂಕಿನ ಸಂಶಯ

ಸೀರೆ ಮಾರುವವನ ಮೇಲೆ ಹೆಂಗಸರಿಗೆ ಅನುಮಾನ, ಎತ್ತು ಮಾರುವವನ ಮೇಲೆ ಗಂಡಸರಿಗೆ ಅನುಮಾನ. ಕಷಾಯ ಮಾರುವವನ ಮೇಲೆ ಮಾತ್ರ ಮನೆಮಂದಿಗೆಲ್ಲ ಅನುಮಾನ. ನನ್ನ ಕಿಟ್ಲಿ ಎಲ್ಲಿ ನಿಲ್ಲುತ್ತದೋ ಅಲ್ಲೊಂದು ಪಂಚಾಯ್ತಿ ನಡೆದೇ ತೀರುತ್ತದೆ.

ನಾನು ಆರನೇ ಇಯತ್ತೆಗೆ ಸಾಲಿ ಬಿಟ್ಟವನು. ಲಾರಿ ಕ್ಲೀನರ್ ಆದೆ, ಬೋರ್‌ವೆಲ್ ಗಾಡಿಯ ಹಿಂದೆ ತಿರುಗಿದೆ, ಕಿನ್ನಾಳದ ಗೊಂಬೆಗಳನ್ನು ಬುಟ್ಟಿಯಲ್ಲಿಟ್ಟು ಮಾರಿದೆ. ಒಂದೂ ಕೈಹತ್ತಲಿಲ್ಲ. ಈಗ ಬೈಕಿನ ಹಿಂದೆ ದೊಡ್ಡ ಕಿಟ್ಲಿ ಕಟ್ಟಿಕೊಂಡು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸುತ್ತುತ್ತೇನೆ. ಜೀರಿಗೆ, ಹವೀಜ ಎನ್ನುವ ಕೊತ್ತಂಬರಿ ಕಾಳು, ಬಡೇಸೋಪು ಮೂರನ್ನೂ ಹದವಾಗಿ ಹುರಿದು, ಕುದಿಸಿ, ಸೋಸಿದ ಕಷಾಯ. ಉಂಡದ್ದು ಕರಗುತ್ತದೆ, ಹೊಟ್ಟೆ ಹಗುರಾಗುತ್ತದೆ.

ಹೆಂಡತಿ ಈ ಸಲ ಒಂದೇ ಮಾತು ಹೇಳಿದ್ದಾಳೆ: "ಇದನ್ನೂ ಬಿಟ್ಟು ಬಂದ್ರ ನಮ್ಮಪ್ಪನ ಕಿರಾಣಿ ಅಂಗಡ್ಯಾಗ ಕುಂದರಬೇಕು ನೋಡ್ರಿ."

ಒಂದು ಕಡೆ ಕೂತರೆ ನನಗೆ ಕಾಲಲ್ಲಿ ಇರುವೆ ಹರಿದಂತಾಗುತ್ತದೆ. ಅದೂ ಮಾವನ ಕಣ್ಣೆದುರಿಗೆ, ಮುಂಜಾನೆಯಿಂದ ಸಂಜೆತನಕ. ಹಾಗಾಗಿ ಈ ಕಷಾಯ ನಡೆಯಲೇಬೇಕು.

ಕೊಪ್ಪಳದ ಹಿರಿಯರು

ಕೊಪ್ಪಳದ ಬಸ್‌ಸ್ಟ್ಯಾಂಡಿನ ಹೊರಗೆ ಪಟಕಾ ಸುತ್ತಿದ ಹಿರಿಯರೊಬ್ಬರು ಬಂದು ಕಿಟ್ಲಿಯ ಮೂತಿಗೆ ಮೂಗು ಹಿಡಿದರು.

"ಏನೇನ ಹಾಕೀಯಪಾ ಇದರಾಗ?"

"ಜೀರಿಗಿ, ಹವೀಜ, ಬಡೇಸೋಪ್ರಿ ಯಜಮಾನ್ರ."

"ಮತ್ತ?"

"ಅಷ್ಟರಿ."

"ಖರೇನ ಅಷ್ಟ?"

"ಆಣಿ ಮಾಡಿ ಹೇಳ್ತೀನ್ರಿ, ಅಷ್ಟ."

ಅವರು ಪಟಕಾ ಸರಿಮಾಡಿಕೊಂಡರು. "ಅಷ್ಟ ಇದ್ರ ನಮ್ಮ ಮನ್ಯಾಗ ಐತಿ, ನಿನ್ನ ಕಡಿ ಯಾಕ ಕುಡೀಲಿ? ಬ್ಯಾರೆ ಏನರ ಇದ್ರ ಅದೇನಂತ ಗೊತ್ತಿಲ್ಲ, ಹೆಂಗ ಕುಡೀಲಿ?"

ಅವರು ಹೋಗುವ ಮುಂದೆ ಇನ್ನೊಮ್ಮೆ ಬಗ್ಗಿ ವಾಸನೆಯನ್ನು ಎದೆತುಂಬ ಎಳೆದುಕೊಂಡರು. "ವಾಸನಿ ಮ್ಯಾಲೆ ಸಂಶೆ ಇಲ್ಲಪಾ," ಎಂದು ಒಂದು ತೇಗು ತೇಗಿ ಬಸ್ಸು ಹತ್ತಿದರು.

ಖಾನಾವಳಿ ಅಕ್ಕ

ಯಲಬುರ್ಗಾದ ಮಂದಿಯದು ಬೇರೆಯೇ ಪದ್ಧತಿ. ಕಪ್ಪು ಕೈಗೆ ತೆಗೆದುಕೊಳ್ಳುತ್ತಾರೆ, ನನ್ನ ಮುಖ ನೋಡುತ್ತಾರೆ. "ಮೊದಲ ನೀ ಕುಡಿ," ಎನ್ನುತ್ತಾರೆ. ಒಬ್ಬರು ಕುಡಿಸಿದ್ದನ್ನು ಇನ್ನೊಬ್ಬರು ನಂಬುವುದಿಲ್ಲ. ಅವರ ಕಣ್ಣೆದುರಿಗೇ ಮತ್ತೆ ಕುಡಿಯಬೇಕು. ಹೀಗಾಗಿ ಮಧ್ಯಾಹ್ನದ ಹೊತ್ತಿಗೆ ಅರ್ಧ ಕಿಟ್ಲಿ ನನ್ನ ಹೊಟ್ಟೆಯಲ್ಲೇ ಇರುತ್ತಿತ್ತು. ಕಷಾಯ ಸುಳ್ಳಾಡುವುದಿಲ್ಲ. ಹಸಿವೆ ಕೆರಳಿ, ಎದುರಿನ ಖಾನಾವಳಿಗೆ ಹೋಗಿ ರೊಟ್ಟಿ ಮುರಿಯಲು ಶುರು ಮಾಡಿದರೆ ಬಡಿಸುವ ಅಕ್ಕನ ಕೈ ಸೋಲಬೇಕು. ಅಲ್ಲಿ ಒಂದೇ ರೇಟಿಗೆ ಹೊಟ್ಟೆ ತುಂಬುವ ತನಕ ರೊಟ್ಟಿ ಹಾಕುವ ರೂಢಿ. ನಾನು ಉಣ್ಣುವುದನ್ನು ಕಂಡ ಜನಕ್ಕೆ ಕಷಾಯದ ಮೇಲೆ ನಂಬಿಕೆ ಬಂತು. ಎಲ್ಲರೂ ಕುಡಿದೇ ಊಟಕ್ಕೆ ಹೋಗತೊಡಗಿದರು.

ಮೂರ್ನಾಲ್ಕು ದಿನಕ್ಕೆ ಅಕ್ಕ ಬಾಗಿಲಲ್ಲಿ ನಿಂತು ಬಂದವರ ಬಾಯಿ ಮೂಸಿ ಒಳಗೆ ಬಿಡಲು ಶುರು ಮಾಡಿದಳು.

ಒಬ್ಬ ಟ್ರ್ಯಾಕ್ಟರ್ ಡ್ರೈವರ್ ಸಿಟ್ಟಾದ. "ಯಕ್ಕಾ, ನಾ ಶೆರೆ ಮುಟ್ಟಾಂವಲ್ಲ."

"ಶೆರೆ ಕುಡದ್ರ ಬಾ ತಮ್ಮಾ, ಚಿಂತಿಲ್ಲ. ಅವರು ಎರಡ ರೊಟ್ಟಿಗೆ ತೂಕಡಸ್ತಾರ. ಜೀರಿಗಿ ವಾಸನಿ ಬಂದವರಿಗಷ್ಟ ನಮ್ಮಲ್ಲಿ ಊಟಿಲ್ಲ."

ಮಾವನ ಪತ್ತೆದಾರಿಕೆ

ಕುಷ್ಟಗಿಯಲ್ಲಿ ನನ್ನ ಮಾವನ ಅಂಗಡಿ. ಕಷಾಯದ ಕಾಳು ನಾನು ಒಯ್ಯುವುದು ಅಲ್ಲಿಂದಲೇ. ಮಾವನಿಗೆ ಒಂದು ಸಂಶಯ ಹೊಕ್ಕಿತು: ಕುದಿಸಿ ಸೋಸಿದ ಮೇಲೆ ಉಳಿದ ಕಾಳು ಎಲ್ಲಿಗೆ ಹೋಗುತ್ತದೆ? ಅಳಿಯ ಅದನ್ನೇ ಒಣಗಿಸಿ, ತಿರುಗಿ ನನ್ನ ಚೀಲಕ್ಕೇ ಸುರಿಯುತ್ತಾನೋ ಹೇಗೆ?

ನಾನು ಅಂಗಡಿಗೆ ಕಾಲಿಟ್ಟರೆ ಸಾಕು, ಜೀರಿಗೆಯ ಚೀಲಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ನಾನು ಹೊರಟ ಮೇಲೆ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಕಡಿದು ನೋಡುತ್ತಿದ್ದರಂತೆ.

ಆ ಕಾಳನ್ನು ನಾನು ಅವರ ಹಿತ್ತಲಿನ ಎಮ್ಮೆಗೇ ಹಾಕುತ್ತಿದ್ದೆ. ಹೇಳಿದರೆ ಅದಕ್ಕೂ ಏನಾದರೂ ತೆಗೆಯುತ್ತಾರೆಂದು ಸುಮ್ಮನಿದ್ದೆ. ಒಂದು ದಿನ ಅತ್ತೆ ಅಂಗಡಿಗೇ ಬಂದು ದೂರಿದಳು: "ಮೇವಿನ ಬಣವಿ ಅರ್ಧಕ್ಕ ಇಳದೈತ್ರಿ. ಯಾರೋ ಕದಿಯಾಕತ್ಯಾರ."

ಮಾವ ನನ್ನನ್ನೇ ಮೇಲಿಂದ ಕೆಳಗೆ ನೋಡಿದರು. "ಅಳಿಯಂದ್ರ, ಕಷಾಯದಾಗ ಮೇವು ಹಾಕ್ತೀರೇನು?"

ಗಂಗಾವತಿಯ ಬೀಗರು

ಗಂಗಾವತಿಯ ಒಬ್ಬ ಅಕ್ಕಿ ಮಿಲ್ಲಿನ ಸಾವ್ಕಾರರಿಗೆ ಹೊಟ್ಟೆಯುಬ್ಬರ. ನನ್ನ ಕಷಾಯ ಅವರಿಗೆ ಹಿಡಿಸಿತು. "ಮಗಳ ಮದವಿಗೆ ಬಾ, ಊಟ ಆದವರಿಗೆ ಒಂದೊಂದು ಕಪ್ಪು ಕೊಡು. ಬೀಗರು ಛಲೋ ಐತಿ ಅಂದ್ರ, ನಮ್ಮ ಮಂದ್ಯಾಗ ಎಲ್ಲೆಲ್ಲಿ ಮದವಿ ಆಗತೈತಿ ಅಲ್ಲೆಲ್ಲಾ ನಿನ್ನ ಕರಸೂದು ನಂದು," ಎಂದರು. ಊರೂರು ತಿರುಗುವ ಕೆಲಸ, ಊಟವೂ ಅಲ್ಲೇ. ಇದೊಂದು ದಾಟಿದರೆ ಮಾವನ ಅಂಗಡಿ ತಪ್ಪಿತು ಎಂದುಕೊಂಡು ಹೊಸ ಅಂಗಿ ಹಾಕಿಕೊಂಡು ಹೋದೆ.

ಗೋದಿ ಹುಗ್ಗಿ, ಮಿರ್ಚಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಮೊದಲ ಪಂಕ್ತಿ ಎದ್ದಿತು. ಕೈ ತೊಳೆಯುವಲ್ಲಿ ನಿಂತು ವರನ ಸೋದರಮಾವನಿಗೆ ಕಪ್ಪು ಚಾಚಿದೆ.

"ಇದ್ಯಾಕ?"

"ಉಂಡದ್ದು ಪಚನ ಆಗಾಕ್ರಿ."

ಅವನು ಕಪ್ಪನ್ನು ಕೆಳಗಿಟ್ಟ. "ಯಾಕ, ಹಂಗ ಪಚನ ಆಗಾಂಗಿಲ್ಲೇನು? ಊಟದಾಗ ಏನ್ ಹಾಕೀರಿ?"

ಮಾತು ಮಂಟಪದ ತುಂಬ ಹರಿಯಿತು. ಉಂಡವರು ಹೊಟ್ಟೆ ಮುಟ್ಟಿಕೊಂಡರು. ಒಬ್ಬ ಮುದುಕಿಗೆ ಆಗಲೇ ಸಂಕಟವೂ ಶುರುವಾಯಿತು. ಎರಡನೆಯ ಪಂಕ್ತಿಗೆ ಕೂತ ಬೀಗರು ಎಲೆಗೆ ಕೈಹಚ್ಚದೆ, "ಮೊದಲ ಹೆಣ್ಣಿನ ಕಡ್ಯಾವ್ರು ಉಣ್ಣಲಿ, ನೋಡೂಣು," ಎಂದು ಕೂತುಬಿಟ್ಟರು.

ಸಾವ್ಕಾರರ ಮುಖ ಅಕ್ಕಿಹಿಟ್ಟಿನಂತಾಗಿತ್ತು. "ಏನ್ ಹೇಳಿದೆಲೇ ಅವರಿಗೆ?"

ನನ್ನ ಕಣ್ಣ ಮುಂದೆ ಮಾವನ ಅಂಗಡಿಯ ಗಾದಿ ಬಂತು. ಕಿಟ್ಲಿ ಎತ್ತಿಕೊಂಡು ಊಟದ ಹಾಲಿನ ಬಾಗಿಲಿಗೆ ಓಡಿದೆ. "ತಪ್ಪಾತ್ರಿ ಬೀಗರ, ಇದು ಊಟಕ್ಕ ಮೊದಲ ಕುಡಿಯೂದು. ಹಸಿವಿ ಹೆಚ್ಚಾಗಿ ಬೀಗರು ಹೊಟ್ಟಿತುಂಬ ಉಣ್ಣಲಿ ಅಂತ ಸಾವ್ಕಾರ್ರ ಆಸೆ."

ಸೋದರಮಾವ ಕಣ್ಣು ಕಿರಿದು ಮಾಡಿದ. "ಅಂದ್ರ ನಮಗ ಉಣ್ಣಾಕ ಬರಂಗಿಲ್ಲ ಅಂದ್ಕೊಂಡಾರೇನು? ತಾ ಇಲ್ಲೆ."

ಎರಡು ಕಪ್ಪು ಕುಡಿದು ಮತ್ತೆ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿದ. ಅವನ ಹಿಂದೆ ಬೀಗರೆಲ್ಲ ಕುಡಿದರು. ಮೊದಲ ಪಂಕ್ತಿಯಲ್ಲಿ ಉಂಡವರೂ ಕುಡಿದು ತಿರುಗಿ ಕೂತರು. ಸಂಕಟದ ಮುದುಕಿ ಮೂರನೆಯ ಸಲ ಹುಗ್ಗಿ ಹಾಕಿಸಿಕೊಂಡಳು. ಹುಗ್ಗಿ ಮುಗಿಯಿತು, ಪಲ್ಯ ಮುಗಿಯಿತು. ಕೊನೆಗೆ ಅಡುಗೆಯವನು ಖಾಲಿ ಬೋಗಾಣಿ ಬೋರಲು ಹಾಕಿ ತೋರಿಸಿದ. ಅಕ್ಕಿ ಮಿಲ್ಲಿನ ಸಾವ್ಕಾರರ ಮಗಳ ಮದುವೆಯಲ್ಲಿ ಅನ್ನ ಕಡಿಮೆ ಬಿತ್ತು. ಹೆಣ್ಣಿನ ಕಡೆಯವರು ಬಾಳೆಹಣ್ಣು ತಿಂದು ನೀರು ಕುಡಿದರು.

ಸೋದರಮಾವ ತೇಗುತ್ತ ಬಂದು, ಸಾವ್ಕಾರರಿಗೆ ಕೇಳುವಂತೆಯೇ ನನ್ನ ಬೆನ್ನು ಚಪ್ಪರಿಸಿದ. "ಛಲೋ ಐತಿ ಕಷಾಯ. ಅನ್ನ ಇದ್ದಿದ್ರ ಇನ್ನಷ್ಟು ಉಣ್ತಿದ್ವಿ."

ಸಾವ್ಕಾರರು ನನ್ನನ್ನು ಅಡುಗೆಮನೆಯ ಹಿಂದಕ್ಕೆ ಕರೆದರು. ಕಥೆ ಮುಗಿಯಿತು, ನಾಳೆಯಿಂದ ಜೀರಿಗೆ ತೂಗುವುದೇ ಎಂದುಕೊಂಡು ತಲೆತಗ್ಗಿಸಿ ನಿಂತೆ.

"ಆ ಸೋದರಮಾವಗೂ ಒಬ್ಬಾಕಿ ಮಗಳದಾಳ," ಎಂದರು. "ಬರೂ ತಿಂಗಳ ಮದವಿ. ಅವತ್ತು ಉಣ್ಣವರು ನಾವು. ನೀ ಬರಬೇಕು."

"ಬರ್ತೀನ್ರಿ. ಊಟ ಆದಮ್ಯಾಲೆ ಕೊಡ್ಲೇನ್ರಿ?"

ಅವರು ಆಚೆ ಈಚೆ ನೋಡಿ, ನನ್ನ ಕಿವಿಯ ಹತ್ತಿರ ಬಂದರು.

"ಊಟಕ್ಕ ಮೊದಲ. ಮಿಲ್ಲಿನ ಹಮಾಲರನ್ನ ಲಾರ್ಯಾಗ ತುಂಬಿಕೊಂಡು ಬರ್ತೀನಿ. ಅವರಿಗೆ ಕಪ್ಪು ಬ್ಯಾಡ, ತಂಬಿಗೀಲೆ ಕೊಡು."